ಅಡುಗೆಕೋಣೆಯಲ್ಲಿ ಮಾತಾಡುತ್ತಿದ್ದ ಹುಡುಗ

ಕುಷ್ಟಗಿ ತಾಲ್ಲೂಕಿನ ಒಂದು ತಾಂಡಾದಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಪಕ್ಕದ ಊರಿನವಳು. ನನ್ನ ಮನೆಮಾತು ಕನ್ನಡ, ಕೇಂದ್ರಕ್ಕೆ ಬರುವ ಮಕ್ಕಳದು ಲಂಬಾಣಿ. ಈ ಅಂತರ ಎಷ್ಟು ದೊಡ್ಡದು ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ಬಾಗಿಲ ಪಕ್ಕದ ಗೋಡೆಗೆ ಒರಗಿ, ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಹೆಸರು ಕೇಳಿದರೆ ತಲೆ ತಗ್ಗಿಸುತ್ತಿದ್ದ. ತಿಂಗಳುಗಟ್ಟಲೆ ಒಂದೇ ಒಂದು ಮಾತಿಲ್ಲ. ಮಗುವಿಗೆ ಮಾತು ತಡವಾಗಿದೆ, ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ಅವನ ತಾಯಿಗೆ ಹೇಳಿಯೂ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕಾಯಿತೇ ಎಂದು ನೋಡಲು ಅಡುಗೆಕೋಣೆಗೆ ಹೋದೆ. ಅವನು ನಮ್ಮ ಸಹಾಯಕಿಯ ಸೆರಗು ಹಿಡಿದು ನಿಂತು, ಉಸಿರು ಬಿಡದೆ ಏನನ್ನೋ ಹೇಳುತ್ತಿದ್ದ. ಕೈಯನ್ನು ಮೊಣಕಾಲಿನವರೆಗೆ ಇಳಿಸಿ ಎತ್ತರ ತೋರಿಸುತ್ತಿದ್ದ. ನನಗೆ ತಿಳಿದದ್ದು 'ಯಾಡಿ' ಎಂಬ ಒಂದೇ ಪದ, ತಾಯಿ ಎಂದು. ಸಹಾಯಕಿ ತಿರುಗಿ ಹೇಳಿದಳು: "ರಾತ್ರಿ ಅವರ ಆಡು ಎರಡು ಮರಿ ಹಾಕಿದೆಯಂತೆ ಅಕ್ಕೋರೇ. ಒಂದು ಮರಿ ಹಾಲು ಕುಡಿಯುತ್ತಿಲ್ಲವಂತೆ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವನ ತಾಯಿಯ ಎದೆಯಲ್ಲಿ ಸುಮ್ಮನೆ ಭಯ ಬಿತ್ತಿದ್ದೆನಲ್ಲ ಎಂದು ಇಂದಿಗೂ ನೋಯುತ್ತದೆ. ಅಂದೇ ಸಂಜೆ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ, ಮರಿಯನ್ನೂ ನೋಡಿ ಬಂದೆ.

ಮರುದಿನ ಸಹಾಯಕಿಗೆ, ನಾಳೆಯಿಂದ ನೀನೂ ಮಕ್ಕಳ ನಡುವೆ ಕೂರಬೇಕು ಎಂದೆ. "ನನಗೆ ಓದು ಬರುವುದಿಲ್ಲ, ನಾನೇನು ಕಲಿಸಲಿ?" ಎಂದು ಹಿಂಜರಿದಳು. ಕಥೆ ಹೇಳಲು ಓದು ಬೇಕಿಲ್ಲವಲ್ಲ. ಬೇಳೆಯನ್ನು ಬೇಗ ಒಲೆಗಿಟ್ಟು ಅರ್ಧ ಗಂಟೆ ಉಳಿಸಿಕೊಂಡೆವು. ಮೊದಲ ದಿನ ಅವಳು ಕಾಗೆ ಗುಬ್ಬಿಯ ಕಥೆಯನ್ನು ಲಂಬಾಣಿಯಲ್ಲಿ ಹೇಳಿದಳು. ಎರಡನೆಯ ದಿನ ಅವಳ ಕೈಸನ್ನೆಗಳನ್ನೇ ಅನುಸರಿಸಿ ನಾನು ಕನ್ನಡದಲ್ಲಿ ಹೇಳಿದೆ. ಮೂರನೆಯ ದಿನ ಮಕ್ಕಳೇ ಹೇಳಿದರು, ಎರಡೂ ಮಾತು ಬೆರೆಸಿ. ನಾನು ತಿದ್ದಲಿಲ್ಲ. ಅಂಗನವಾಡಿಗೆ ಕೊಟ್ಟಿರುವ ಚಿಲಿಪಿಲಿ ಪುಸ್ತಕದ ಚಟುವಟಿಕೆಗಳನ್ನು ಕೈಬಿಡಲಿಲ್ಲ, ಆರಂಭವನ್ನು ಮಾತ್ರ ಬದಲಿಸಿದೆ. ನೀರಿನ ಪಾಠವಾದರೆ ಮೊದಲು 'ಪಾಣಿ', ಆಮೇಲೆ ನೀರು. ಊಟದ ಪಾಠವಾದರೆ ಮೊದಲು 'ಬಾಟಿ', ಆಮೇಲೆ ರೊಟ್ಟಿ. ಒಂದು ನೋಟ್‌ಬುಕ್‌ನಲ್ಲಿ ಈ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾ ಹೋದೆ. ನನ್ನ ಉಚ್ಚಾರಣೆಗೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ನಗುತ್ತಲೇ ತಿದ್ದುತ್ತಿದ್ದರು. ಗೋಡೆಗೆ ಒರಗಿ ಕೂರುತ್ತಿದ್ದವನು ಯಾವ ದಿನ ವೃತ್ತದೊಳಗೆ ಬಂದು ಕುಳಿತನೋ ನನಗೆ ನೆನಪಿಲ್ಲ. ಅಷ್ಟು ಸಹಜವಾಗಿ ಬಂದಿದ್ದ.

ಅಪ್ಪಂದಿರನ್ನು ಒಪ್ಪಿಸುವುದು ಕಷ್ಟವಾಯಿತು. "ನಿಮ್ಮಲ್ಲಿ ಬರೀ ಆಟ, ಊಟ. ಖಾಸಗಿ ಶಾಲೆಗೆ ವ್ಯಾನಿನಲ್ಲಿ ಹೋಗುವ ಮಕ್ಕಳು ಎಬಿಸಿಡಿ ಬರೆಯುತ್ತಾರೆ" ಎನ್ನುತ್ತಿದ್ದರು. ಮಗುವಿನ ಭವಿಷ್ಯದ ಚಿಂತೆಯಿಂದ ಬಂದ ಮಾತು ಅದು, ತಳ್ಳಿಹಾಕಲಾಗದು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಅವರನ್ನು ಕರೆಸಿದೆ. ಮಕ್ಕಳು ಹದ ಮಾಡಿದ ಎರೆಮಣ್ಣಿನಲ್ಲಿ ಎತ್ತು ಮಾಡುತ್ತಿದ್ದರು. ಎತ್ತಿನ ಮೈಗೆ ಇಡೀ ಅಂಗೈ ಬೇಕು. ಕೊಂಬಿಗೆ ಅದು ಸಾಲದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಣ್ಣನ್ನು ಮೆಲ್ಲಗೆ ಹೊಸೆದು ತುದಿ ಚೂಪು ಮಾಡಬೇಕು, ಜೋರು ಮಾಡಿದರೆ ಮುರಿಯುತ್ತದೆ. ಕೊಂಬು ಮುಗಿಸಿದ ಒಬ್ಬ ಹುಡುಗಿಯ ಕೈಗೆ ಬಳಪ ಕೊಟ್ಟೆ. ಅದೇ ಎರಡು ಬೆರಳು, ಅದೇ ಹಿಡಿತ. "ಈ ಬೆರಳು ಬಲಿಯುವ ಮೊದಲೇ ಬರೆಸಿದರೆ ಮಗುವಿಗೆ ಕೈನೋವು ಬರುತ್ತದೆಯೇ ಹೊರತು ಅಕ್ಷರ ಬರುವುದಿಲ್ಲ" ಎಂದೆ. ಎಲ್ಲರೂ ಒಪ್ಪಿದರು ಎನ್ನಲಾರೆ. ಇಬ್ಬರು ಮಕ್ಕಳು ಆ ವರ್ಷವೂ ವ್ಯಾನು ಹತ್ತಿದರು.

ಇನ್ನು ಗುಳೆ. ಸುಗ್ಗಿ ಮುಗಿಯುತ್ತಲೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆಂದು ಸಂಸಾರಗಳೇ ಹೊರಡುತ್ತವೆ, ಹಾಜರಿ ಪುಸ್ತಕ ಖಾಲಿಯಾಗುತ್ತದೆ. ಅಜ್ಜಿಯರು ಒಪ್ಪಿದ ಮನೆಗಳಲ್ಲಿ ಮಕ್ಕಳನ್ನು ಉಳಿಸಿಕೊಂಡಿದ್ದೇವೆ. ಉಳಿದವರ ವಿಷಯದಲ್ಲಿ ನನ್ನ ಕೈ ಸೋತಿದೆ.

ಮಾರ್ಚ್ ತಿಂಗಳಿನಲ್ಲಿ ದೊಡ್ಡ ಮಕ್ಕಳನ್ನು ವಾರಕ್ಕೊಮ್ಮೆ ಪಕ್ಕದ ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿಗೆ ಕರೆದೊಯ್ಯುತ್ತೇನೆ. ಅಲ್ಲಿ ಮಗು ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ಆರಿಸಿ, ತನ್ನ 'ತಟ್ಟೆ'ಗೆ, ಅಂದರೆ ತನ್ನ ಗುಂಪಿನ ಜಾಗಕ್ಕೆ, ಹೋಗಿ ಗುಂಪಿನೊಡನೆ ಕೂರಬೇಕು. ತಿಳಿಯದಿದ್ದರೆ ಕೇಳಬೇಕು. ಕೇಳುವ ಧೈರ್ಯವಿಲ್ಲದ ಮಗುವಿಗೆ ನಲವತ್ತೊಂಬತ್ತು ಅಕ್ಷರ ಬಾಯಿಪಾಠ ಬಂದರೂ ಆ ತರಗತಿಯಲ್ಲಿ ಮೊದಲ ವಾರವೇ ಭಾರವಾಗುತ್ತದೆ. ಶಾಲೆಗೆ ಸಿದ್ಧವಾಗಿರುವ ಮಗು ಎಂದರೆ ನನ್ನ ಕಣ್ಣಿಗೆ ಕಾಣುವುದು ಕೈಯೆತ್ತಿ ಕೇಳುವ ಮಗು.

ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ, ಸಾಧ್ಯವಿರುವ ಕಡೆ ಮನೆಮಾತಿನಲ್ಲೇ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ತಾಂಡಾದಲ್ಲಿ ಮನೆಮಾತು ಬಲ್ಲವಳನ್ನು ಎಲ್ಲಿಂದಲೋ ಕರೆತರಬೇಕಿಲ್ಲ. ಅವಳು ಸರ್ಕಾರದ ಗೌರವಧನ ಪಡೆದು ಅಡುಗೆ ಮಾಡುತ್ತಿದ್ದಾಳೆ. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈಗ ಎಲ್‌ಕೆಜಿ, ಯುಕೆಜಿ ಆರಂಭವಾಗುತ್ತಿವೆ. ಆ ಕೋಣೆಗಳಲ್ಲೂ ಮಗುವಿನ ಮಾತು ಬಲ್ಲ ಒಬ್ಬರು ಇರಲೇಬೇಕು. ಶಾಲಾಪೂರ್ವ ಶಿಕ್ಷಣದ ತರಬೇತಿಗೆ ಕಾರ್ಯಕರ್ತೆಯ ಜೊತೆ ಸಹಾಯಕಿಯನ್ನೂ ಕೂರಿಸಬೇಕು ಎಂಬುದೇ ನನ್ನ ಬೇಡಿಕೆ.

ಇದನ್ನು ಮೇಲ್ವಿಚಾರಕಿಯವರಿಗೆ ಬರೆದು ಕೊಟ್ಟಿದ್ದೇನೆ. ಮುಂದಿನ ತಿಂಗಳ ಸಭೆಗೆ ಸಹಾಯಕಿಯನ್ನು ಕರೆದುಕೊಂಡು ಬನ್ನಿ ಎಂದಿದ್ದಾರೆ. ಅಷ್ಟು ಜನರ ಮುಂದೆ ಯಾವ ಕಥೆ ಹೇಳಲಿ ಎಂದು ಅವಳು ನಿನ್ನೆಯಿಂದ ಮಕ್ಕಳನ್ನೇ ಕೇಳುತ್ತಿದ್ದಾಳೆ.