ಅಡುಗೆಮನೆಯ ಸೊಟ್ಟ ಮೂಲೆಗೆ ಹಲಗೆ ಕೂರಿಸಿದ್ದು

ಉಪ್ಪಿನಕಾಯಿ ಭರಣಿ ಇಡಲು ಅಡುಗೆಮನೆಯ ಮೂಲೆಗೊಂದು ತ್ರಿಕೋನದ ಹಲಗೆ ಬೇಕು ಅಂತ ಅಮ್ಮ ವರ್ಷದಿಂದ ಹೇಳುತ್ತಿದ್ದಳು. ಅಜ್ಜ ಕಟ್ಟಿಸಿದ ಮನೆ. ಮೂಲೆಮಟ್ಟ ಹಿಡಿದು ನೋಡಿದರೆ ಗೋಡೆಗಳು ಲಂಬವಾಗಿ ಕೂಡಿಯೇ ಇಲ್ಲ, ಕೊಂಚ ಅಗಲಕ್ಕೆ ಬಾಯಿಬಿಟ್ಟಿವೆ.

ಮೊದಲು ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ತಂದೆ. ಅಂಗೈಯಷ್ಟಿರುವ ಅದರಲ್ಲಿ ಅರ್ಧ ಡಿಗ್ರಿ ತಪ್ಪಿ ಓದಿದರೂ 60 ಸೆಂ.ಮೀ. ಆಚೆ ಅರ್ಧ ಸೆಂ.ಮೀ. ಸಂದಿ ಬೀಳುತ್ತದೆ. ರಟ್ಟಿನ ಮೇಲೆ ಮೂಲೆ ಗುರುತಿಸಿಕೊಂಡು, ಕೈವಾರದಲ್ಲಿ 10 ಸೆಂ.ಮೀ. ತ್ರಿಜ್ಯಕ್ಕೆ ನಕಲು ಮಾಡಿ, ಗೆರೆ ಉದ್ದ ಎಳೆದೆ. ಅದೂ ಕೂರಲಿಲ್ಲ. ಚಿಕ್ಕದರಲ್ಲಿ ಕೂದಲೆಳೆಯಷ್ಟು ತಪ್ಪಿದ್ದು ದೊಡ್ಡದರಲ್ಲಿ ಬೆರಳು ತೂರುವಷ್ಟಾಯಿತು.

ಆಮೇಲೆ ಕೈವಾರವನ್ನೇ ದೊಡ್ಡದು ಮಾಡಿದೆ. ಒಂದು ರೀಪರಿನ (ಮರದ ಸಪೂರ ಪಟ್ಟಿ) ತುದಿಗೆ ಮೊಳೆ, ಅದರಿಂದ 60 ಸೆಂ.ಮೀ.ಗೆ ಪೆನ್ಸಿಲ್ ತೂರುವ ತೂತು. ಸುತಳಿಯಲ್ಲೂ ಮಾಡಬಹುದು, ಆದರೆ ಸುತಳಿ ಜಗ್ಗುತ್ತದೆ, ನಂಬಬೇಡಿ. ರಸಮಟ್ಟ ಇಟ್ಟು ಎರಡೂ ಗೋಡೆಗೆ ಒಂದೇ ಎತ್ತರದಲ್ಲಿ ಗೆರೆ ಎಳೆದು, ಮೂಲೆಯಿಂದ 60ಕ್ಕೆ ಒಂದೊಂದು ಗುರುತು ಹಾಕಿದೆ. ಗುರುತಿನಿಂದ ಗುರುತಿಗೆ ರೀಪರನ್ನು ಅಡ್ಡ ಹಿಡಿದು, ಮೊಳೆಯಿಂದ ಆ ಉದ್ದಕ್ಕೆ ಎರಡನೇ ತೂತು.

ಪ್ಲೈವುಡ್ ಮೇಲೆ ಒಂದು ನೇರ ಗೆರೆ, ಅದರ ತುದಿ 'ಅ'. ಅಲ್ಲಿ ಮೊಳೆ ಊರಿ 60ರ ತೂತಿನಿಂದ ಕಂಸ ಎಳೆದೆ. ಅದು ಗೆರೆಯನ್ನು ಕತ್ತರಿಸಿದ ಕಡೆ 'ಆ'. ಮೊಳೆಯನ್ನು 'ಆ'ಗೆ ಸರಿಸಿ, ಎರಡನೇ ತೂತಿನಿಂದ ಇನ್ನೊಂದು ಕಂಸ. ಎರಡು ಕಂಸ ಕೂಡಿದ ಕಡೆ 'ಇ'. ಅ-ಇ ಸೇರಿಸಿದರೆ ಗೋಡೆಯ ಮೂಲೆ ಹಲಗೆಗೆ ಬಂತು. ಶಾಲೆಯಲ್ಲಿ ಬಾ-ಬಾ-ಬಾ ಅಂತ ಉರು ಹೊಡೆದದ್ದು ಇದೇ: ಎರಡು ತ್ರಿಕೋನಗಳ ಮೂರೂ ಬಾಹು ಒಂದಕ್ಕೊಂದು ಸಮವಾದರೆ ಕೋನ ಬೇರೆಯಾಗಲು ದಾರಿಯೇ ಇಲ್ಲ. ಯೂಕ್ಲಿಡನ ಮೊದಲ ಪುಸ್ತಕದ 23ನೇ ಪ್ರಮೇಯವೂ ಹೀಗೆ ಕೋನ ನಕಲು ಮಾಡುವುದೇ. ಎಷ್ಟು ಡಿಗ್ರಿ ಎಂಬ ಪ್ರಶ್ನೆ ಎಲ್ಲೂ ಬರಲಿಲ್ಲ.

ಕುತೂಹಲಕ್ಕೆ ಆಮೇಲೆ ಟೇಪ್ ಹಿಡಿದೆ. ಎರಡನೇ ತೂತು 87.5 ಸೆಂ.ಮೀ.ಗಿತ್ತು. ಲಂಬಕೋನವಾಗಿದ್ದರೆ ಸುಮಾರು 84.9 ಇರಬೇಕಿತ್ತು. ಅಂದರೆ ಮೂಲೆ 93.6 ಡಿಗ್ರಿಯಷ್ಟು. ಮೂಲೆಮಟ್ಟ ನಂಬಿ ಕೊಯ್ದಿದ್ದರೆ ಹೊರತುದಿಯಲ್ಲಿ ಒಂದೂವರೆ ಇಂಚು ಬಾಯಿ!

ನಿಜವಾಗಿ ಕಾಡಿದ್ದು ರೇಖಾಗಣಿತವಲ್ಲ, ಗಾರೆ. ಮೂಲೆಯಲ್ಲಿ ಅದು ದುಂಡಗೆ ತುಂಬಿಕೊಂಡಿರುತ್ತದೆ, ಗೋಡೆಗಳು ಕೂಡುವ ಬಿಂದು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಗೆರೆಯ ಎತ್ತರದಲ್ಲಷ್ಟೇ ಉಳಿಯಿಂದ ಕೆರೆದು ಮೂಲೆ ಬಿಡಿಸಿಕೊಂಡೆ. ಹೇಗೂ ಹಲಗೆ ಅದನ್ನು ಮುಚ್ಚುತ್ತದೆ.

ಹಲಗೆ ಕೂತಿತು. ಅಮ್ಮ ಭರಣಿ ಜೋಡಿಸಿ, "ಹಂಗೇ ಮೇಲೊಂದು ಹಾಕಿಬಿಡು" ಅಂದಳು. ಅದೇ ಅಳತೆಗೆ ಇನ್ನೊಂದು ಕೊಯ್ಯಲು ಹೊರಟವನು ಯಾಕೋ ಅನುಮಾನ ಬಂದು, ಒಂದೂವರೆ ಅಡಿ ಮೇಲೆ ರೀಪರ್ ಹಿಡಿದು ನೋಡಿದೆ. ಅಲ್ಲಿ 87.1. ಮೂರನೇ ತೂತು ಕೊರೆದೆ.