ಪುಸ್ತಕ ವಿಮರ್ಶೆ: ಅಡಿಟಿಪ್ಪಣಿಯ ಬೆನ್ನು ಹತ್ತಿ

ಹಾಸನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಬರೆದು ತರುವ ಪುಸ್ತಕ ವಿಮರ್ಶೆಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ‘ಮೊದಲ ಅಧ್ಯಾಯದಲ್ಲಿ ಲೇಖಕರು ಹೀಗೆ ಹೇಳುತ್ತಾರೆ’ ಎಂದು ಹೊರಟು ‘ಒಟ್ಟಿನಲ್ಲಿ ಉಪಯುಕ್ತ ಕೃತಿ’ ಎಂಬಲ್ಲಿಗೆ ನಿಲ್ಲುವವೇ ಹೆಚ್ಚು. ಓದಿದ ಶ್ರಮ ಅವುಗಳಲ್ಲಿ ಕಾಣುತ್ತದೆ, ಪುಸ್ತಕದೊಡನೆ ವಾದಕ್ಕಿಳಿದದ್ದು ಕಾಣುವುದಿಲ್ಲ. ಕಾನೂನು ಚರಿತ್ರೆಯ ಪುಸ್ತಕಕ್ಕೆ ಅಷ್ಟು ಸಾಲದು.

ಮೊದಲು ಮುನ್ನುಡಿಯನ್ನೂ ಕೊನೆಯ ಅಧ್ಯಾಯವನ್ನೂ ಒಟ್ಟಿಗೆ ಓದಿ. ಲೇಖಕರ ವಾದವನ್ನು ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯವಾಗಿ ಬರೆದಿಡಿ. ಬರೆಯಲು ಬಾರದಿದ್ದರೆ ಮತ್ತೆ ಓದಿ. ಅಲ್ಲಿಯವರೆಗೆ ಟಿಪ್ಪಣಿ ಮಾಡಲು ಕೂರಬೇಡಿ.

ಆಮೇಲಿನದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಆ ವಾದ ಯಾವ ಎರಡು ಮೂರು ಆಧಾರಗಳ ಮೇಲೆ ನಿಂತಿದೆ ಎಂದು ಗುರುತಿಸಿ, ಅಡಿಟಿಪ್ಪಣಿ ಹಿಡಿದು ಮೂಲದವರೆಗೆ ಹೋಗಿ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಸುಮಾರು ಕ್ರಿ.ಶ. 450ರದೆಂದು ಎಣಿಸುವ ಈ ಶಾಸನ, ಕಾಳಗದಲ್ಲಿ ಮೆರೆದ ವಿಜಾರಸನಿಗೆ ‘ಬಾಳ್ಗಳ್ಚು’ ಎಂಬ ಗೌರವದ ಕೊಡುಗೆಯಾಗಿ ಊರುಗಳನ್ನು ಬಿಟ್ಟುಕೊಟ್ಟದ್ದನ್ನು ದಾಖಲಿಸುತ್ತದೆ. ಈ ಕೊಡುಗೆಯನ್ನು ಕೆಡಿಸಿದವನಿಗೆ ಮಹಾಪಾತಕ ಎಂದೂ ಹೇಳುತ್ತದೆ. ಈಗ ಒಂದು ಪುಸ್ತಕ ಈ ಶಾಸನವನ್ನು ಮುಂದಿಟ್ಟು ‘ದತ್ತಿ ಕಸಿದವರನ್ನು ಅಂದಿನ ರಾಜರು ಶಿಕ್ಷಿಸುತ್ತಿದ್ದರು’ ಎಂದರೆ ನೀವು ತಡೆದು ಕೇಳಬೇಕು. ಕಲ್ಲಿನ ಮೇಲಿರುವುದು ಪಾಪದ ಭಯ. ದಂಡ ವಿಧಿಸಿದವರು ಯಾರು, ಎಷ್ಟು ವಿಧಿಸಿದರು ಎಂಬುದು ಅಲ್ಲಿಲ್ಲ. ಶಾಪಕ್ಕೂ ಶಿಕ್ಷೆಗೂ ನಡುವಿನ ಆ ಅಂತರವನ್ನು ಲೇಖಕರು ಬೇರೆ ದಾಖಲೆಯಿಂದ ತುಂಬಿದ್ದಾರೆಯೇ, ಬರೀ ಊಹೆಯಿಂದಲೇ? ಈ ಒಂದು ಪ್ರಶ್ನೆಗೆ ನೀವು ಹುಡುಕುವ ಉತ್ತರ ಹತ್ತು ಪುಟಗಳ ಸಾರಾಂಶಕ್ಕಿಂತ ಬೆಲೆಯುಳ್ಳದ್ದು. ಯಾವ ಆವೃತ್ತಿ ಬಳಸಿದ್ದಾರೆಂಬುದನ್ನೂ ನೋಡಿ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಹಲ್ಮಿಡಿ ಸಿಗುವುದಿಲ್ಲ. ಅದು ಬೆಳಕಿಗೆ ಬಂದದ್ದೇ 1936ರಲ್ಲಿ. ಆ ಸಂಪುಟವೊಂದನ್ನೇ ನಂಬಿ ‘ಜಿಲ್ಲೆಯ ಶಾಸನಗಳೆಲ್ಲ’ ಎಂದು ಬರೆದವರ ಎಣಿಕೆ ಹೇಗೆ ಪೂರ್ತಿಯಾದೀತು?

ಅನುವಾದವನ್ನೇ ಮೂಲವೆಂದು ನಂಬಿದ ಪುಸ್ತಕಗಳಲ್ಲಿ ಇನ್ನೂ ಎಚ್ಚರ ಬೇಕು. ಚಾಲುಕ್ಯರ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರ. ಅದರಲ್ಲಿ ಆಸ್ತಿಯ ಪಾಲಿನ ಭಾಗವನ್ನಷ್ಟೇ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದರು. ಬ್ರಿಟಿಷರ ನ್ಯಾಯಾಲಯಗಳು ಆಸ್ತಿಯ ದಾವೆಗಳಲ್ಲಿ ಆ ಅನುವಾದವನ್ನು ಆಧರಿಸಿದವು. ಅದನ್ನೇ ಉಲ್ಲೇಖಿಸಿ ‘ಹಿಂದೂಗಳು ಅನಾದಿಯಿಂದ ಪಾಲಿಸಿದ ಕಾನೂನು’ ಎಂದು ಬರೆದಿದ್ದರೆ, ಯಾವ ಊರಿನಲ್ಲಿ, ಯಾರ ಮನೆಯ ಪಾಲಿನಲ್ಲಿ ಹೀಗೆ ನಡೆಯಿತು ಎಂದು ಕೇಳಿ. ಗ್ರಂಥದಲ್ಲಿದ್ದದ್ದೆಲ್ಲ ಊರಿನಲ್ಲಿ ನಡೆದಿರಬೇಕೆಂದಿಲ್ಲ.

ಬಿಟ್ಟುಹೋದದ್ದನ್ನು ಕಾಣಲು ಪುಸ್ತಕದ ಕೊನೆಯ ಪದಸೂಚಿ ಸಾಕು. ‘ಭಾರತದಲ್ಲಿ ಹಿಂದೂ ಮಹಿಳೆಯ ಆಸ್ತಿ ಹಕ್ಕು’ ಎಂಬ ವಿಷಯದ ಪುಸ್ತಕ 1937ರ ಕೇಂದ್ರ ಕಾಯ್ದೆಯಿಂದ ನೇರವಾಗಿ 1956ರ ಉತ್ತರಾಧಿಕಾರ ಕಾಯ್ದೆಗೆ ಹಾರುತ್ತದೆ ಎಂದುಕೊಳ್ಳಿ. ಪದಸೂಚಿಯಲ್ಲಿ ‘ಮೈಸೂರು’ ಇಲ್ಲ. ಆದರೆ ಹಾಸನವೂ ಅಂದಿನ ಕಡೂರು ಜಿಲ್ಲೆಯೂ ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿತ್ತು. ಶೀರ್ಷಿಕೆಯ ‘ಭಾರತ’ದೊಳಗೆ ನಮ್ಮ ಅಜ್ಜಿಯಂದಿರು ಇದ್ದಾರೆಯೇ ಎಂದು ಕೇಳುವುದು ವಿಮರ್ಶಕರ ಹಕ್ಕು. ಬ್ರಿಟಿಷ್ ಆಡಳಿತದ ಪ್ರದೇಶಕ್ಕಷ್ಟೇ ಸೀಮಿತವೆಂದು ಲೇಖಕರು ಮುನ್ನುಡಿಯಲ್ಲೇ ತಿಳಿಸಿದ್ದರೆ ಮಾತ್ರ ಈ ಆಕ್ಷೇಪ ನಿಲ್ಲುವುದಿಲ್ಲ.

ಬರೆಯುವಾಗ ಸಾರಾಂಶಕ್ಕೆ ಒಂದೇ ಪ್ಯಾರಾ ಕೊಡಿ. ಪುಸ್ತಕ ಗಟ್ಟಿಯಾಗಿರುವ ಕಡೆ ಮನಸಾರೆ ಒಪ್ಪಿಕೊಳ್ಳಿ, ಏಕೆ ಗಟ್ಟಿ ಎಂದೂ ತಿಳಿಸಿ. ಪ್ರತಿ ಆಕ್ಷೇಪದ ಪಕ್ಕದಲ್ಲಿ ಪುಟಸಂಖ್ಯೆ ಇರಲಿ. ಒಪ್ಪಿಸುವ ಮುನ್ನ ಆ ಪುಟಗಳನ್ನು ಇನ್ನೊಮ್ಮೆ ತೆರೆಯಿರಿ. ಮುಂದಿನ ಪ್ಯಾರಾದಲ್ಲೇ ಲೇಖಕರು ಉತ್ತರ ಕೊಟ್ಟಿದ್ದರೆ ನಿಮ್ಮ ವಾಕ್ಯವನ್ನು ಹೊಡೆದುಹಾಕಿ.