ಪಾಸ್ಟೆಲ್ ಅಸ್ಟೆಕಾ: ಪದರ ಪದರ ಚಿಕನ್
ಮೆಕ್ಸಿಕೋದ ಈ ಅಡುಗೆಗೆ 12 ಮೆಕ್ಕೆಜೋಳದ ಟೋರ್ಟಿಯಾ (ತೆಳ್ಳನೆಯ ರೊಟ್ಟಿ), ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಅರ್ಧ ಕೆಜಿ ಚಿಕನ್, ಕ್ರೀಮ್, ತುರಿದ ಚೀಸ್, ಮತ್ತೆ ಸುಟ್ಟು ಸಿಪ್ಪೆ ತೆಗೆದು ಉದ್ದಕ್ಕೆ ಸೀಳಿದ ಪೊಬ್ಲಾನೋ ಮೆಣಸಿನಕಾಯಿ ಬೇಕು. ಪೊಬ್ಲಾನೋ ಸಿಗಲಿಲ್ವಾ? ದಪ್ಪ ಮೆಣಸಿನಕಾಯಿ ನಡೆಯುತ್ತದೆ, ಆದರೆ ಖಾರ ಇರಲ್ಲ.

ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ, ಹಸಿ ವಾಸನೆ ಹೋಗುವವರೆಗೆ ಕುದಿಸಿದರೆ ಸಾಸ್ ರೆಡಿ. ಟೋರ್ಟಿಯಾನ ಸುಮ್ನೆ ಹಾಗೇ ಹಾಕಬೇಡಿ, ಸಾಸ್ ಕುಡಿದು ಮುದ್ದೆಯಾಗುತ್ತದೆ. ಬಿಸಿ ಎಣ್ಣೆಯಲ್ಲಿ ಐದಾರು ಸೆಕೆಂಡ್ ಅದ್ದಿ, ಗರಿಗರಿಯಾಗುವ ಮೊದಲೇ ತೆಗೆಯಿರಿ (ನಾನು ಮೊದಲ ಸಲ ಹಪ್ಪಳ ಮಾಡಿಬಿಟ್ಟಿದ್ದೆ).

ಓವನ್ ಪಾತ್ರೆಯ ತಳಕ್ಕೆ ಸ್ವಲ್ಪ ಸಾಸ್, ಮೇಲೆ ಟೋರ್ಟಿಯಾ, ಚಿಕನ್, ಮೆಣಸಿನಕಾಯಿ, ಸಾಸ್, ಕ್ರೀಮ್, ಚೀಸ್, ಹೀಗೆ ಮೂರು ಪದರ. 180 ಡಿಗ್ರಿಯಲ್ಲಿ 25 ನಿಮಿಷ. ಅಂಚಿನಲ್ಲಿ ಸಾಸ್ ಕೊತಕೊತ ಅನ್ನಬೇಕು. ಹತ್ತು ನಿಮಿಷ ಬಿಟ್ಟು ಕತ್ತರಿಸಿ, ಇಲ್ಲಾಂದ್ರೆ ಪದರಗಳೆಲ್ಲ ಜಾರಿಹೋಗುತ್ತವೆ.